ಬೀಜದ ಚೀಲಕ್ಕೆ ಬೇವು, ಬಜೆ: ದುಂಬಿ ತಡೆಯಲು ಯಾವುದು, ಎಷ್ಟು, ಯಾವಾಗ?

ಪ್ರಶ್ನೆ: ನಾವು ಶಿರಾ ತಾಲ್ಲೂಕಿನವರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಸೇರಿ ಒಂದು ಚಿಕ್ಕ ನರ್ಸರಿ ನಡೆಸುತ್ತಿದ್ದೇವೆ. ಬೇಸಿಗೆಯಲ್ಲಿ ಹುಣಸೆ, ಬಾಗೆ, ಕರಿಜಾಲಿ, ಕಕ್ಕೆ, ಹೊಂಗೆ ಬೀಜ ಆಯ್ದು ಗೋಣಿಚೀಲದಲ್ಲಿ ಇಡುತ್ತೇವೆ. ಮುಂದಿನ ಜನವರಿ, ಫೆಬ್ರವರಿಯಲ್ಲಿ ತೊಟ್ಟೆಗೆ ಹಾಕುತ್ತೇವೆ. ಕಳೆದ ಸಲ ಹುಳು ಬಾರದಿರಲಿ ಎಂದು ಚೀಲದೊಳಗೆ ಬೇವಿನ ಸೊಪ್ಪು ಹಾಕಿದ್ದೆವು. ಆದರೂ ಮಳೆಗಾಲದ ಹೊತ್ತಿಗೆ ಬಾಗೆ, ಹುಣಸೆ ಬೀಜಗಳಿಗೆ ಗುಂಡಗೆ ತೂತು ಬಿದ್ದು, ಚೀಲದ ತುಂಬ ಕಂದು ದುಂಬಿ ಓಡಾಡುತ್ತಿದ್ದವು. ಅಂಗಡಿಯವರು ಮಾತ್ರೆ ಹಾಕಿ ಅಂತಾರೆ. ಚೀಲ ಇರುವುದು ಮನೆಯ ಒಳಕೋಣೆಯಲ್ಲಿ, ಮಕ್ಕಳಿದ್ದಾರೆ, ಭಯ. ಬೇವಿನ ಎಣ್ಣೆ, ಬಜೆ ಪುಡಿ ನಿಜವಾಗಿ ಕೆಲಸ ಮಾಡುತ್ತವೆಯೇ? ಎಷ್ಟು ಹಾಕಬೇಕು? ಮೊಳಕೆಗೆ ತೊಂದರೆ ಆಗುತ್ತದೆಯೇ?

ಉತ್ತರ: ಮಾತ್ರೆ ಬೇಡ. ಮೊದಲು ಅದನ್ನು ಹೇಳಿಬಿಡುತ್ತೇನೆ. ಅಂಗಡಿಯವರು ಹೇಳುವ ಮಾತ್ರೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ವಿಷಗಾಳಿ ಹೊರಡುತ್ತದೆ. ಬಾಗಿಲ ಸಂದಿಯಲ್ಲಿ ಅದು ಪಕ್ಕದ ಕೋಣೆಗೂ ಹೋಗುತ್ತದೆ. ಮನೆಯೊಳಗೆ ಕಾಳಿನ ಚೀಲಕ್ಕೆ ಈ ಮಾತ್ರೆ ಹಾಕಿ ಮಲಗಿದವರು ಸತ್ತಿರುವುದು ನಮ್ಮ ದೇಶದಲ್ಲಿ ಹೊಸದೇನಲ್ಲ. ಕಾನೂನಿನ ಪ್ರಕಾರವೂ ಇದು ಎಲ್ಲರೂ ಬಳಸುವಂಥದ್ದಲ್ಲ. ತರಬೇತಿ ಪಡೆದವರು, ಜನ ವಾಸವಿಲ್ಲದ ಗೋದಾಮಿನಲ್ಲಿ, ಗಾಳಿ ಆಡದಂತೆ ಮುಚ್ಚಿ ಹಾಕಬೇಕು. ನಿಮ್ಮ ಭಯ ಸರಿಯಾದದ್ದೇ.

ಬೇವು, ಬಜೆ ಕೆಲಸ ಮಾಡುತ್ತವೆಯೇ ಅಂದರೆ, ಮಾಡುತ್ತವೆ. ಆದರೆ ಅವು ಬಾಗಿಲು ಕಾಯುತ್ತವೆ ಅಷ್ಟೆ. ಆಗಲೇ ಮನೆಯೊಳಗೆ ಸೇರಿಕೊಂಡಿರುವ ಹುಳುವನ್ನು ಹೊರಗೆ ಹಾಕಲು ಅವುಗಳ ಕೈಲಿ ಆಗುವುದಿಲ್ಲ. ಕಳೆದ ಸಲ ನಿಮ್ಮ ಬೀಜ ಹಾಳಾಗಿದ್ದು ಬಹುಪಾಲು ಇದೇ ಕಾರಣಕ್ಕೆ. ಹುಳು ನಿಮ್ಮ ಕೋಣೆಯಲ್ಲಿ ಹುಟ್ಟಿದ್ದಲ್ಲ, ಮರದಿಂದಲೇ ಬೀಜದ ಜೊತೆ ಬಂದದ್ದು. ಆದ್ದರಿಂದ ಎಷ್ಟು ಎಣ್ಣೆ, ಎಷ್ಟು ಪುಡಿ ಅನ್ನುವುದಕ್ಕಿಂತ ಮುಂಚೆ ಈ ದುಂಬಿಯ ಜೀವನ ತಿಳಿದುಕೊಳ್ಳಬೇಕು. ಅದು ತಿಳಿದರೆ ಯಾವ ಮದ್ದು ಎಲ್ಲಿ ನಾಟುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಹುಣಸೆಗೆ ಬರುವ ದುಂಬಿಯ ಹೆಸರು ಕ್ಯಾರಿಯೆಡಾನ್ ಸೆರಾಟಸ್. ಅರ್ಧ ಸೆಂಟಿಮೀಟರ್ ಆಸುಪಾಸಿನ ಉದ್ದ, ಕೆಂಪು ಮಿಶ್ರಿತ ಕಂದು ಬಣ್ಣ. ಹಿಂಗಾಲಿನ ತೊಡೆ ದಪ್ಪಗೆ ಉಬ್ಬಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಆ ತೊಡೆಯ ಅಂಚಿನಲ್ಲಿ ಬಾಚಣಿಗೆಯಂತೆ ಮುಳ್ಳಿನ ಸಾಲು ಕಾಣುತ್ತದೆ. ಕೈ ತಾಗಿದರೆ ಕಾಲು ಮುದುರಿ ಸತ್ತ ಹಾಗೆ ಬಿದ್ದುಕೊಳ್ಳುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಎದ್ದು ಓಡುತ್ತದೆ. ಕಕ್ಕೆ, ಬಸವನಪಾದ ಜಾತಿಯ ಮರಗಳ ಕಾಯಿಗೂ ಇದು ಬರುತ್ತದೆ. ಇನ್ನೊಂದು ವಿಷಯ ನಿಮ್ಮ ಸೀಮೆಯವರು ಗಮನಿಸಲೇಬೇಕು. ಇದೇ ದುಂಬಿ ಸಿಪ್ಪೆ ಸಹಿತ ಕೂಡಿಟ್ಟ ಕಡಲೆಕಾಯಿಗೂ ಬೀಳುತ್ತದೆ. ಶಿರಾ, ಪಾವಗಡ, ಮಧುಗಿರಿ ಕಡೆ ಹುಣಸೆಯೂ ಇದೆ, ಕಡಲೆಕಾಯಿಯೂ ಇದೆ. ಹುಣಸೆ ಕುಟ್ಟಿದ ಮೇಲೆ ಉಳಿದ ಬೀಜದ ರಾಶಿ ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತದೆ, ಅದರ ಪಕ್ಕದಲ್ಲೇ ಬಿತ್ತನೆಗೆ ಇಟ್ಟ ಕಡಲೆಕಾಯಿ ಚೀಲ. ದುಂಬಿಗೆ ರೆಕ್ಕೆ ಇದೆ ಅನ್ನುವುದನ್ನು ಮರೆಯಬೇಡಿ. ಎರಡನ್ನೂ ಒಂದೇ ಕೋಣೆಯಲ್ಲಿ ಇಡಬೇಡಿ.

ಹೆಣ್ಣು ದುಂಬಿ ಬಲಿತ ಕಾಯಿಯ ಮೇಲೆ ಒಂದೊಂದೇ ಮೊಟ್ಟೆ ಅಂಟಿಸುತ್ತದೆ. ಮರದಲ್ಲಿ ತೂಗುತ್ತಿರುವ ಕಾಯಿಗೂ ಅಂಟಿಸುತ್ತದೆ, ಕೆಳಗೆ ಬಿದ್ದದ್ದಕ್ಕೂ ಅಂಟಿಸುತ್ತದೆ. ಸುಮಾರು ಒಂದು ವಾರದಲ್ಲಿ ಮರಿ ಹೊರಡುತ್ತದೆ. ಹೊರಗೆ ಬಂದು ತಿರುಗಾಡುವುದಿಲ್ಲ. ಮೊಟ್ಟೆಯ ತಳದಿಂದಲೇ ನೇರ ಒಳಕ್ಕೆ ಕೊರೆಯುತ್ತದೆ. ಆಮೇಲೆ ಅದರ ಊಟ, ಬೆಳವಣಿಗೆ ಎಲ್ಲ ಬೀಜದ ಒಳಗೇ. ಬಲಿತ ಮೇಲೆ ಹುಣಸೆಯ ಹುಳು ಬೀಜದಿಂದ ಹೊರಬಂದು ಕಾಯಿಯ ಮೇಲೋ ಗೋಣಿಯ ಹೊಲಿಗೆಯ ಸಂದಿಯಲ್ಲೋ ತೆಳು ಕಾಗದದಂಥ ಬಿಳಿ ಗೂಡು ಕಟ್ಟುತ್ತದೆ. ನಿಮ್ಮ ಹಳೆ ಚೀಲವನ್ನು ಒಳಮಗ್ಗುಲು ಹೊರಗೆ ಮಾಡಿ ನೋಡಿ. ಮೂಲೆಗಳಲ್ಲಿ ಉದ್ದುದ್ದ ಬಿಳಿ ಗೂಡು ಅಂಟಿಕೊಂಡಿದ್ದರೆ ಅದೇ. ಈ ವರ್ಷದ ಬೀಜವನ್ನು ಅದೇ ಚೀಲಕ್ಕೆ ತುಂಬಿದರೆ ಕಷ್ಟಪಟ್ಟು ಮಾಡಿದ್ದೆಲ್ಲ ದಂಡ. ಮೊಟ್ಟೆಯಿಂದ ಮತ್ತೆ ದುಂಬಿ ಆಗುವ ತನಕ ಬೆಚ್ಚಗಿನ ಕಾಲದಲ್ಲಿ ಒಂದೂವರೆಯಿಂದ ಎರಡು ತಿಂಗಳು. ಮಾರ್ಚಿನಲ್ಲಿ ನಾಲ್ಕು ಹುಳು ಬಂದಿದ್ದರೆ ಸೆಪ್ಟೆಂಬರ್ ಹೊತ್ತಿಗೆ ಮರಿಮಕ್ಕಳ ಕಾಲ.

ಬಾಗೆ, ಜಾಲಿಗೆ ಬರುವುದು ಇದೇ ಬಳಗದ ಚಿಕ್ಕ ದುಂಬಿ, ಬ್ರೂಕಿಡಿಯಸ್ ಎನ್ನುವ ಗುಂಪಿನದು. ಇದು ಹೊರಗೆ ಗೂಡು ಕಟ್ಟುವುದಿಲ್ಲ, ಬೀಜದೊಳಗೇ ಕೋಶ ಆಗುತ್ತದೆ. ಅದಕ್ಕೂ ಮೊದಲು ಹುಳು ಸಿಪ್ಪೆಯನ್ನು ಒಳಗಿನಿಂದ ದುಂಡಗೆ ಕೆರೆದು ತೆಳ್ಳಗೆ ಮಾಡಿಟ್ಟಿರುತ್ತದೆ. ಬೀಜವನ್ನು ಬೆಳಕಿಗೆ ಹಿಡಿದರೆ ಆ ಜಾಗ ಮಬ್ಬಾಗಿ ಗುಂಡಗೆ ಕಾಣುತ್ತದೆ. ತೂತು ಇನ್ನೂ ಬಿದ್ದಿಲ್ಲ, ದುಂಬಿ ಒಳಗೇ ಇದೆ ಅಂತ ಅರ್ಥ. ಇವುಗಳಲ್ಲಿ ಕೆಲವು ಜಾತಿಗಳು ಮರದ ಮೇಲಿನ ಕಾಯಿಗೆ ಮಾತ್ರ ಮೊಟ್ಟೆ ಇಡುತ್ತವೆ. ಚೀಲದಲ್ಲಿ ಹೊರಬಂದ ದುಂಬಿ ಅಲ್ಲಿನ ಒಣಬೀಜಕ್ಕೆ ಮತ್ತೆ ಬೀಳುವುದಿಲ್ಲ. ಅಂಥ ಕಡೆ ನೀವು ಚೀಲಕ್ಕೆ ಯಾವ ಮದ್ದು ಹಾಕಿದರೂ ಅಷ್ಟೆ, ಹಾಕದಿದ್ದರೂ ಅಷ್ಟೆ. ಆಗುವ ಹಾನಿ ಮರದಲ್ಲೇ ಆಗಿಹೋಗಿರುತ್ತದೆ. ಬೇವಿನ ಪುಡಿಯಿಂದ ಏನೂ ಉಪಯೋಗ ಆಗಲಿಲ್ಲ ಅಂತ ಬೈಯುವವರಲ್ಲಿ ಎಷ್ಟೋ ಜನ ಇಂಥ ಬೀಜ ಇಟ್ಟುಕೊಂಡವರು.

ಈಗ ಮದ್ದಿಗೆ ಬರೋಣ. ಬೇವಿನ ಹೆಸರು ದೊಡ್ಡದಾದದ್ದು ಎಲೆ ತಿನ್ನುವ ಕೀಟಗಳ ವಿಷಯದಲ್ಲಿ. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಹೊಲಗಳಿಗೆ ಮಿಡತೆ ಹಿಂಡು ಬಂದಾಗ, ಬೇವಿನ ಬೀಜದ ನೀರು ಸಿಂಪಡಿಸಿದ ಬೆಳೆಯನ್ನು ಅವು ತಿನ್ನದೆ ಬಿಟ್ಟವು. ಬೇವಿನ ತಿರುಳಿನಲ್ಲಿರುವ ಅಜಾಡಿರಾಕ್ಟಿನ್ ಹುಳುವಿಗೆ ತಿನ್ನಲು ಬಿಡುವುದಿಲ್ಲ. ತಿಂದರೂ ಪೊರೆ ಕಳಚಿ ಬೆಳೆಯಲು ಬಿಡುವುದಿಲ್ಲ. ಆದರೆ ನಮ್ಮ ಬೀಜದ ದುಂಬಿ ಬೀಜದ ಮೇಲ್ಮೈಯನ್ನು ತಿನ್ನುವುದೇ ಇಲ್ಲವಲ್ಲ! ಬೆಳೆದ ದುಂಬಿಗೆ ಬೀಜ ಊಟವಲ್ಲ, ಮೊಟ್ಟೆ ಇಡುವ ಜಾಗ ಅಷ್ಟೆ. ತಿನ್ನುವುದು ಮರಿ, ಅದು ಇರುವುದು ಗಟ್ಟಿ ಸಿಪ್ಪೆಯ ಒಳಗೆ. ಹಾಗಾಗಿ ಕೂಡಿಟ್ಟ ಬೀಜದಲ್ಲಿ ಬೇವಿಗೆ ಕೆಲಸ ಮಾಡಲು ಸಿಗುವ ಅವಕಾಶ ಎರಡೇ. ಒಂದು, ದುಂಬಿ ಮೊಟ್ಟೆ ಇಡಲು ಬಂದಾಗ ವಾಸನೆಗೆ, ಕಹಿಗೆ ಹಿಂದೆ ಸರಿಯುವುದು. ಇನ್ನೊಂದು, ಇಟ್ಟ ಮೊಟ್ಟೆ ಮರಿಯಾಗದೆ ಸಾಯುವುದು. ಎರಡೂ ಬೀಜದ ಹೊರಮೈಯಲ್ಲಿ, ಆ ಒಂದು ವಾರದಲ್ಲಿ ಆಗಬೇಕಾದ ಕೆಲಸ.

ಎಣ್ಣೆಗೆ ಹೆಚ್ಚು ಬಲ ಇರುವುದು ಇಲ್ಲಿಯೇ. ಬೀಜಕ್ಕೆ ತೆಳ್ಳಗೆ ಸವರಿದ ಎಣ್ಣೆ ಮೊಟ್ಟೆಯ ಮೇಲೆ ಹರಡಿ ಉಸಿರಾಟದ ದಾರಿ ಮುಚ್ಚುತ್ತದೆ. ನುಣುಪಾದ ಮೈಗೆ ಮೊಟ್ಟೆ ಸರಿಯಾಗಿ ಅಂಟುವುದೂ ಇಲ್ಲ. ನಮ್ಮ ಅಜ್ಜಿಯರು ತೊಗರಿ, ಹೆಸರುಕಾಳಿಗೆ ಹರಳೆಣ್ಣೆ ಸವರಿ ಇಡುತ್ತಿದ್ದರಲ್ವಾ, ಅದರ ಗುಟ್ಟು ಇದೇ. ಕಡಲೆಕಾಯಿ ಎಣ್ಣೆಯೂ ಅಷ್ಟಿಷ್ಟು ಕೆಲಸ ಮಾಡುತ್ತದೆ. ಬೇವಿನ ಎಣ್ಣೆ ಆದರೆ ಉಸಿರು ಕಟ್ಟಿಸುವುದರ ಜೊತೆಗೆ ದುಂಬಿಯನ್ನು ದೂರವೂ ಇಡುತ್ತದೆ. ಹೊಂಗೆ ಎಣ್ಣೆಯಲ್ಲಿ ಕೀಟ ತಡೆಯುವ ಕರಂಜಿನ್ ಎಂಬ ಅಂಶ ಇದೆ, ಅದೂ ಒಳ್ಳೆಯದೇ. ನಿಮ್ಮೂರ ಗಾಣದಲ್ಲಿ ಹೊಂಗೆ ಎಣ್ಣೆ ಸುಲಭವಾಗಿ ಸಿಗುವುದಾದರೆ ಬೇವಿಗೆ ಪರದಾಡಬೇಕಿಲ್ಲ.

ಪ್ರಮಾಣ ಒಂದು ಕೆ.ಜಿ. ಬೀಜಕ್ಕೆ 5 ಮಿ.ಲೀ., ಅಂದರೆ ಒಂದು ಟೀ ಚಮಚ. ಜಾಲಿಯಂಥ ಚಿಕ್ಕ ಬೀಜಕ್ಕೆ ಮೈ ಜಾಸ್ತಿ, ಹಾಗಾಗಿ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಆದರೆ 10 ಮಿ.ಲೀ. ದಾಟಬೇಡಿ. ಒಂದು ಚಮಚ ನೋಡಿದರೆ ಏನೂ ಸಾಲದು ಅನ್ನಿಸುತ್ತದೆ, ಕೈ ತಾನಾಗಿ ಇನ್ನೊಂದಿಷ್ಟು ಸುರಿಯಲು ಹೋಗುತ್ತದೆ. ಸುರಿಯಬೇಡಿ. ಅಗಲ ಬಾಯಿಯ ಬೇಸಿನ್‌ನಲ್ಲಿ ಎರಡು ಮೂರು ಕೆ.ಜಿ. ಬೀಜ ಹಾಕಿ, ಎಣ್ಣೆಯನ್ನು ಮೊದಲು ನಿಮ್ಮ ಅಂಗೈಗೆ ಸವರಿಕೊಂಡು ಬೀಜವನ್ನು ತಿಕ್ಕುತ್ತಾ ಹೋಗಿ. ಐದು ಹತ್ತು ನಿಮಿಷ ಬಿಡದೆ ಉಜ್ಜಬೇಕು. ಕೊನೆಗೆ ಪ್ರತಿ ಬೀಜವೂ ಮಿಣಮಿಣ ಹೊಳೆಯಬೇಕು, ಪಾತ್ರೆಯ ತಳದಲ್ಲಿ ಎಣ್ಣೆ ನಿಲ್ಲಬಾರದು. ಆಮೇಲೆ ನೆರಳಲ್ಲಿ ಒಂದು ದಿನ ಹರಡಿ, ನಂತರ ತುಂಬಿ. ಹುಣಸೆ, ಕಕ್ಕೆ, ಜಾಲಿ, ಬಾಗೆ ಈ ನಾಲ್ಕಕ್ಕೂ ನೀರು ಒಳಗೆ ಹೋಗದಂಥ ಗಟ್ಟಿ ಸಿಪ್ಪೆ ಇದೆ, ಆದ್ದರಿಂದ ಇಷ್ಟು ಎಣ್ಣೆಯಿಂದ ಮೊಳಕೆಗೆ ತೊಂದರೆ ಆಗುವುದು ಕಡಿಮೆ. ಸಿಪ್ಪೆ ಬಿರುಕು ಬಿಟ್ಟ, ತೂತಾದ ಬೀಜಕ್ಕೆ ಎಣ್ಣೆ ಒಳಗಿಳಿದು ಮೊಳಕೆಯನ್ನೇ ಕೊಲ್ಲುತ್ತದೆ. ಹುಣಸೆ ಹಣ್ಣು ಕುಟ್ಟುವಾಗ ಸುತ್ತಿಗೆ ಏಟು ಬಿದ್ದ ಬೀಜವನ್ನು ಬಿತ್ತನೆಗೆ ಆರಿಸಬೇಡಿ ಅನ್ನುವುದೂ ಇದಕ್ಕೇ.

ಎಣ್ಣೆ ಕೊಳ್ಳುವಾಗ ಒಂದು ಎಚ್ಚರಿಕೆ. ಗೊಬ್ಬರದ ಅಂಗಡಿಯಲ್ಲಿ 300, 1500, 10000 ಪಿಪಿಎಂ ಎಂದು ಬರೆದ ಬೇವಿನ ಔಷಧಿ ಬಾಟಲಿ ಸಿಗುತ್ತದೆ. ಅದು ನೀರಿಗೆ ಬೆರೆಸಿ ಗಿಡಕ್ಕೆ ಸಿಂಪಡಿಸಲು ತಯಾರಾದದ್ದು. ಬೀಜಕ್ಕೆ ಸವರಲು ಬೇಕಾದದ್ದು ಗಾಣದಲ್ಲಿ ತೆಗೆದ ಅಪ್ಪಟ ಎಣ್ಣೆ. ಕೂಡಿಡುವ ಬೀಜಕ್ಕೆ ನೀರು ಬೆರೆತ ಯಾವುದನ್ನೂ ತಾಗಿಸಬೇಡಿ.

ಬಜೆಯ ಮಾತು. ನಿಮ್ಮ ಜಿಲ್ಲೆಯ ಕೊರಟಗೆರೆ ಕಡೆ ಇದನ್ನು ಗದ್ದೆಯಲ್ಲೇ ಬೆಳೆಯುತ್ತಾರೆ, ಒಣ ಬೇರು ನಿಮಗೆ ಹತ್ತಿರದಲ್ಲೇ ಸಿಗುತ್ತದೆ. ಪುಡಿಗಳಲ್ಲಿ ನನ್ನ ಮೊದಲ ಆಯ್ಕೆ ಇದು. ಒಂದು ಕೆ.ಜಿ. ಬೀಜಕ್ಕೆ 10 ಗ್ರಾಂ ನುಣ್ಣನೆ ಪುಡಿ. ಇದರಲ್ಲಿರುವ ಬೀಟಾ ಅಸರೋನ್ ಎಂಬ ಅಂಶ ದುಂಬಿಗೆ ಮೊಟ್ಟೆ ಇಡುವ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಬೇಗ ಹಾರಿಹೋಗುವಂಥದ್ದು, ಆದ್ದರಿಂದ ಬೇರನ್ನು ಬೇಕಾದಾಗಲೇ ಕುಟ್ಟಿ, ಜರಡಿ ಹಿಡಿದು, ಅವತ್ತೇ ಬೆರೆಸಿ. ಹೋದ ವರ್ಷದ ಪುಡಿ ಬೇಡ.

ಬಜೆ ಅಂದರೆ ಮಕ್ಕಳಿಗೆ ತೇಯ್ದು ನೆಕ್ಕಿಸುವ ಬೇರು, ಅದರಿಂದ ಏನಾಗುತ್ತದೆ ಅಂತ ಕೆಲವರು ಕೈಯಳತೆ ಬಿಟ್ಟು ಸುರಿಯುತ್ತಾರೆ. ಹಾಗೆ ಮಾಡಬೇಡಿ. ಈ ಬೀಟಾ ಅಸರೋನ್ ಇಲಿಗಳಲ್ಲಿ ಗೆಡ್ಡೆ ಬರಿಸಿದ್ದು ಪ್ರಯೋಗಗಳಲ್ಲಿ ಕಂಡಿದೆ. ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರಕ್ಕೆ ಬೆರೆಸಕೂಡದು ಎಂದು ನಿಷೇಧಿಸಿದರು. ನಿಮ್ಮಲ್ಲಿ ಉಳಿದ ಹುಣಸೆ ಬೀಜವನ್ನು ಪುಡಿ ಮಾಡುವ ಕಾರ್ಖಾನೆಗೋ, ದನದ ಮೇವಿಗೋ ಮಾರುವ ರೂಢಿ ಇದ್ದರೆ, ಬಜೆ ಸವರಿದ್ದನ್ನು ಆ ಲೆಕ್ಕಕ್ಕೆ ಸೇರಿಸಲೇಬೇಡಿ. ಚೀಲದ ಮೇಲೆ ‘ಬಿತ್ತನೆಗೆ ಮಾತ್ರ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಕುಟ್ಟುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಬೇವಿನ ಬೀಜದ ತಿರುಳಿನ ಪುಡಿ ಆದರೆ ಕೆ.ಜಿ.ಗೆ 20 ಗ್ರಾಂ. ಹಣ್ಣು ಉದುರುವ ಕಾಲದಲ್ಲಿ ಆಯ್ದು, ತೊಳೆದು, ನೆರಳಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿ ಕುಟ್ಟಬೇಕು. ಬಿಸಿಲಲ್ಲಿ ಒಣಗಿಸಿದರೆ ಅಜಾಡಿರಾಕ್ಟಿನ್ ಬೆಳಕಿಗೆ ಕರಗಿಹೋಗುತ್ತದೆ. ಒಳಗೆ ಕಪ್ಪು, ಹಸಿರು ಬೂಸ್ಟು ಹಿಡಿದ ತಿರುಳನ್ನು ತೆಗೆದು ಹಾಕಿ. ಆಯ್ದು ಮೂರು ತಿಂಗಳಿಂದ ಎಂಟು ತಿಂಗಳೊಳಗಿನ ಬೀಜದಲ್ಲಿ ಗುಣ ಚೆನ್ನಾಗಿರುತ್ತದೆ. ಬರೀ ಎಲೆಪುಡಿಗೆ, ಅದು ಬೇವಿನದಾಗಲಿ ಲಕ್ಕಿ ಗಿಡದ್ದಾಗಲಿ, ಇಷ್ಟು ಬಲ ಇಲ್ಲ. ಕೆ.ಜಿ.ಗೆ 30ರಿಂದ 50 ಗ್ರಾಂ ಹಾಕಬೇಕು, ಅದೂ ಸಾಧಾರಣ ರಕ್ಷಣೆ.

ಇನ್ನು ಹಸಿ ಬೇವಿನ ಸೊಪ್ಪು. ನೀವು ಹಾಕಿದ್ದು ಹಸಿಯದೋ ಅರೆ ಒಣಗಿದ್ದೋ ಬರೆದಿಲ್ಲ. ಹಸಿ ಸೊಪ್ಪಾದರೆ ಅದು ಚೀಲದೊಳಗೆ ಒಣಗುವಾಗ ತನ್ನ ನೀರನ್ನೆಲ್ಲ ಬೀಜಕ್ಕೆ ಬಿಡುತ್ತದೆ. ಬೀಜ ಮೆತ್ತಗಾಗುತ್ತದೆ, ಮುಗ್ಗಲು ವಾಸನೆ ಬರುತ್ತದೆ, ಹುಳುವಿಗೆ ಇನ್ನೂ ಅನುಕೂಲ. ಮೇಲೆ ಒಂದು ಪದರ, ಕೆಳಗೆ ಒಂದು ಪದರ ಸೊಪ್ಪು ಹಾಕಿದರೆ ನಡುವಿನ ಬೀಜಕ್ಕೆ ಅದು ತಾಗುವುದೂ ಇಲ್ಲ. ಕಾಳಿನ ಕಣಜಕ್ಕೆ ಬೇವಿನ ಸೊಪ್ಪು ಹಾಕುವ ಹಳೆಯ ಪದ್ಧತಿಯನ್ನು ನಾನು ತಳ್ಳಿಹಾಕುತ್ತಿಲ್ಲ. ಆದರೆ ಅಲ್ಲಿ ಸೊಪ್ಪಿನ ಜೊತೆ ಬೂದಿ ಇತ್ತು, ಕೆಮ್ಮಣ್ಣು ಸವರಿದ ಕಾಳಿತ್ತು, ಬಿಸಿಲಿಗೆ ಹಾಕಿ ಕೇರುವ ಕೈಗಳಿದ್ದವು. ಎಲ್ಲ ಸೇರಿ ಕೆಲಸ ಆಗುತ್ತಿತ್ತು. ಸೊಪ್ಪು ಒಂದನ್ನೇ ಉಳಿಸಿಕೊಂಡು ಉಳಿದದ್ದು ಬಿಟ್ಟರೆ ಆಗುವುದಿಲ್ಲ.

ಸೀತಾಫಲದ ಬೀಜದ ಪುಡಿ ಹಾಕಿ ಅಂತ ಯಾರಾದರೂ ಹೇಳಿಯಾರು. ದುಂಬಿಯನ್ನು ಕೊಲ್ಲುವುದರಲ್ಲಿ ಅದು ಬೇವಿಗಿಂತ ಚುರುಕು, ನಿಜ. ಆದರೆ ಆ ಪುಡಿ ಕಣ್ಣಿಗೆ ಬಿದ್ದರೆ ಕಪ್ಪುಗುಡ್ಡೆಗೇ ಹುಣ್ಣಾಗುತ್ತದೆ. ಮಕ್ಕಳು ಓಡಾಡುವ ಅಂಗಳದಲ್ಲಿ ಒನಕೆ ಹಿಡಿದು ಅದನ್ನು ಕುಟ್ಟುವ ಕೆಲಸಕ್ಕೆ ನಿಮ್ಮ ಸಂಘದವರು ಯಾರೂ ಕೈಹಾಕಬಾರದು. ಹೊಗೆಸೊಪ್ಪೂ ಬೇಡ. ನಿಕೋಟಿನ್ ಚರ್ಮದಿಂದಲೇ ಒಳಗಿಳಿಯುವ ವಿಷ. ಗಿಡದಿಂದ ಬಂದದ್ದೆಲ್ಲ ನಿರಪಾಯ ಅಂತ ಅಂದುಕೊಳ್ಳುವುದು ನನಗೆ ಯಾವಾಗಲೂ ಚಿಂತೆಯ ವಿಷಯ.

ಇಷ್ಟೆಲ್ಲ ಹಚ್ಚುವ ಮೊದಲು, ಬೀಜದೊಳಗೆ ಆಗಲೇ ಸೇರಿರುವ ಹುಳುವಿಗೆ ಒಂದು ಗತಿ ಕಾಣಿಸಬೇಕಲ್ಲ. ಅದು ಶುರುವಾಗುವುದು ಕಾಯಿ ಆಯುವಾಗಲೇ. ಬಾಗೆ ಕಾಯಿ ಒಣಗಿ ತಿಂಗಳುಗಟ್ಟಲೆ ಮರದಲ್ಲೇ ಗಲಗಲ ಅನ್ನುತ್ತಿರುತ್ತದೆ. ಎಲ್ಲ ಒಟ್ಟಿಗೆ ಆಯೋಣ ಅಂತ ಮಾರ್ಚ್ ಕೊನೆಯವರೆಗೆ ಕಾಯಬೇಡಿ. ಕಾಯಿ ಹುಲ್ಲುಬಣ್ಣಕ್ಕೆ ತಿರುಗಿ ಬೀಜ ಕಂದಾದ ಕೂಡಲೇ ಕೀಳಿ. ನೆಲಕ್ಕೆ ಬಿದ್ದು ವಾರಗಟ್ಟಲೆ ಆದ ಕಾಯಿ ಬೇಡವೇ ಬೇಡ. ತಂದದ್ದನ್ನು ರಾಶಿ ಹಾಕಿ ಇಡದೆ ಎರಡು ಮೂರು ದಿನದಲ್ಲಿ ಬಡಿದು ಬೀಜ ಬಿಡಿಸಿ. ಮೊಟ್ಟೆ ಬಹಳಷ್ಟು ಕಾಯಿಯ ಸಿಪ್ಪೆಯ ಮೇಲಿರುತ್ತದೆ, ಬೇಗ ಬಿಡಿಸಿದಷ್ಟೂ ಸಿಪ್ಪೆಯ ಜೊತೆಗೇ ಹೊರಟುಹೋಗುತ್ತದೆ. ಆ ಹೊಟ್ಟನ್ನು ನರ್ಸರಿಯ ಮೂಲೆಗೆ ಸುರಿಯಬೇಡಿ, ಅವತ್ತೇ ಸುಟ್ಟುಬಿಡಿ.

ಕರಿಜಾಲಿಗೆ ನಿಮ್ಮಲ್ಲಿ ಇನ್ನೂ ಸುಲಭದ ದಾರಿ ಇದೆ. ಶಿರಾ ಕಡೆ ಕುರಿ, ಮೇಕೆ ಹಟ್ಟಿಗಳಿಗೆ ಕೊರತೆಯಿಲ್ಲ. ಜಾಲಿಕಾಯಿ ತಿಂದ ಮೇಕೆಗಳು ಮೆಲುಕು ಹಾಕುವಾಗ ಉಗುಳಿದ, ಹಿಕ್ಕೆಯಲ್ಲಿ ಬಂದ ಬೀಜ ಹಟ್ಟಿಯಲ್ಲಿ ಸಿಗುತ್ತದೆ. ಹೊಟ್ಟೆಯ ಬಿಸಿ, ಹುಳಿಗೆ ಬೀಜದೊಳಗಿನ ಎಳೆ ಹುಳು ಎಷ್ಟೋ ಸಾಯುತ್ತದೆ, ಸಿಪ್ಪೆಯೂ ಸ್ವಲ್ಪ ಸಡಿಲವಾಗಿ ಮೊಳಕೆ ಚೆನ್ನಾಗಿ ಬರುತ್ತದೆ. ಹಟ್ಟಿಯವರನ್ನು ಕೇಳಿ ಗುಡಿಸಿ ತಂದು, ತೊಳೆದು ಒಣಗಿಸಿ.

ಬಿಡಿಸಿದ ಬೀಜವನ್ನು ಬಕೆಟ್ ನೀರಿಗೆ ಹಾಕಿ ಕೈಯಾಡಿಸಿ. ಹುಳು ತಿಂದು ಟೊಳ್ಳಾದದ್ದು ತೇಲುತ್ತದೆ. ಐದು ನಿಮಿಷ ಸಾಕು, ಮುಳುಗಿದ್ದನ್ನು ಸೋಸಿ ತೆಗೆದು ಒಣಗಿಸಿ. ತೇಲಿದ್ದನ್ನು ತಿಪ್ಪೆಗೆ ಹಾಕಿದರೆ ಅಲ್ಲಿಂದ ಎದ್ದು ಬರುತ್ತದೆ, ಒಲೆಗೆ ಹಾಕಿ. ಆದರೆ ಎಳೆ ಹುಳು ಇರುವ ಬೀಜ ಇನ್ನೂ ಭಾರವಾಗಿರುತ್ತದೆ, ಅದು ಒಳ್ಳೆಯದರ ಜೊತೆಗೇ ಮುಳುಗುತ್ತದೆ. ಅದಕ್ಕೆ ಮದ್ದು ಬಿಸಿಲು. ನೆಲಕ್ಕೆ ಕಪ್ಪು ಪ್ಲಾಸ್ಟಿಕ್ ಹಾಸಿ, ಚೆನ್ನಾಗಿ ಒಣಗಿದ ಬೀಜವನ್ನು ಒಂದೇ ಪದರವಾಗಿ ಹರಡಿ, ಮೇಲೆ ಬಿಳಿ ಪಾರದರ್ಶಕ ಹಾಳೆ ಹೊದಿಸಿ, ಸುತ್ತ ಅಂಚಿಗೆ ಮಣ್ಣೋ ಕಲ್ಲೋ ಇಡಿ. ಏಪ್ರಿಲ್‌ನ ಮಟಮಟ ಮಧ್ಯಾಹ್ನ ಒಳಗೆ 55, 60 ಡಿಗ್ರಿ ಏರುವುದು ಕಷ್ಟವಲ್ಲ. ಅಲಸಂದೆ ಕಾಳಿನ ದುಂಬಿಯ ಮೇಲೆ ಮಾಡಿದ ಪ್ರಯೋಗಗಳಲ್ಲಿ 57 ಡಿಗ್ರಿಯಲ್ಲಿ ಒಂದು ಗಂಟೆ ಇದ್ದರೆ ಮೊಟ್ಟೆಯಿಂದ ದುಂಬಿಯವರೆಗೆ ಎಲ್ಲವೂ ಸತ್ತವು. ಹುಣಸೆ, ಕಕ್ಕೆ, ಜಾಲಿ, ಬಾಗೆಯ ಒಣಬೀಜ ಈ ಬಿಸಿಯನ್ನು ತಡೆದುಕೊಳ್ಳುತ್ತದೆ. ಹಸಿ ಇದ್ದರೆ ಬೆಂದುಹೋಗುತ್ತದೆ. ಒಂದು ಥರ್ಮಾಮೀಟರ್ ತೂರಿಸಿ ಇಟ್ಟುಕೊಳ್ಳಿ, ಮೊದಲ ಸಲ ಒಂದು ಹಿಡಿ ಬೀಜಕ್ಕೆ ಮಾಡಿ ಮೊಳಕೆ ನೋಡಿ, ಆಮೇಲೆ ಉಳಿದದ್ದಕ್ಕೆ ಮಾಡಿ. ಸಂಜೆ ಹಾಳೆ ತೆಗೆದು ಬೀಜ ಪೂರ್ತಿ ತಣ್ಣಗಾದ ಮೇಲೆ ಎಣ್ಣೆ ಅಥವಾ ಪುಡಿ. ಎರಡನ್ನೂ ಹಾಕಬೇಕಿಲ್ಲ, ಯಾವುದಾದರೂ ಒಂದು ಸಾಕು.

ಸ್ವಲ್ಪವೇ ಬೀಜ, ಒಂದೆರಡು ಕೆ.ಜಿ. ಮಾತ್ರ ಇದ್ದರೆ ಐಸ್‌ಕ್ರೀಮ್ ಇಡುವ ಫ್ರೀಜರ್ ಕೂಡ ಆಗುತ್ತದೆ. ಒಣಬೀಜವನ್ನು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇಡಿ. ಹೊರಗೆ ತೆಗೆದ ಕೂಡಲೇ ಕಟ್ಟು ಬಿಚ್ಚಬೇಡಿ, ಬೀಜಕ್ಕೆ ನೀರು ಕೂರುತ್ತದೆ. ಹೊರಗಿನ ಬಿಸಿಗೆ ಬಂದ ಮೇಲೆ ಬಿಚ್ಚಿ.

ಗೋಣಿಚೀಲ ಬಿಟ್ಟುಬಿಡಿ ಅಂತ ನನ್ನ ಸಲಹೆ. ಒಂದು ಸಲ ಒಣಗಿದ ಬೀಜ ಮಳೆಗಾಲದಲ್ಲಿ ಗೋಣಿಯ ಮೂಲಕ ಮತ್ತೆ ಗಾಳಿಯ ತೇವ ಹೀರುತ್ತದೆ. ಬೀಜದ ತೇವ ಶೇ. 1ರಷ್ಟು ಇಳಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಅನ್ನುವುದು ಬೀಜ ಶಾಸ್ತ್ರದ ಹಳೆಯ ಲೆಕ್ಕ. ಶೇ. 8ಕ್ಕಿಂತ ಕೆಳಗೆ ಇಳಿಸಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ಕತ್ತಿನವರೆಗೆ ತುಂಬಿ. ಅರ್ಧ ತುಂಬಿದರೆ ಉಳಿದ ಜಾಗದ ಗಾಳಿ ಹುಳುವಿನ ಪಾಲು. ತುಂಬಿಟ್ಟ ಡ್ರಮ್ಮಿನಲ್ಲಿ ಅಪ್ಪಿತಪ್ಪಿ ಉಳಿದ ದುಂಬಿ ಇದ್ದಷ್ಟು ಆಮ್ಲಜನಕ ಮುಗಿಸಿ ತಾನೇ ಉಸಿರುಗಟ್ಟಿ ಸಾಯುತ್ತದೆ. ಸುಮ್ನೆ ನೋಡೋಣ ಅಂತ ವಾರಕ್ಕೊಮ್ಮೆ ಮುಚ್ಚಳ ತೆಗೆದರೆ ಈ ಲಾಭ ಇಲ್ಲ. ತಂಪಾದ, ಬಿಸಿಲು ಬೀಳದ ಮೂಲೆಯಲ್ಲಿ ಇಡಿ. ಬೀಜ ಒಣಗಿದೆಯೇ ಅಂತ ತಿಳಿಯಲು ಗಾಜಿನ ಬಾಟಲಿಯಲ್ಲಿ ಬೀಜದ ಜೊತೆ ಒಣ ಪುಡಿ ಉಪ್ಪು ಹಾಕಿ ಕುಲುಕಿ. ಉಪ್ಪು ಗಾಜಿಗೆ ಅಂಟಿದರೆ ತೇವ ಇನ್ನೂ ಶೇ. 15ರ ಮೇಲಿದೆ. ಅಂಟದಿದ್ದ ಮಾತ್ರಕ್ಕೆ ಶೇ. 8 ಆಯಿತು ಅಂತಲ್ಲ, ಇನ್ನೂ ಎರಡು ಮೂರು ದಿನ ಒಣಗಿಸಿಯೇ ತುಂಬಿ.

ಗೋಣಿಯೇ ಗತಿ ಎಂದಾದರೆ, ಲೀಟರ್ ನೀರಿಗೆ 50 ಗ್ರಾಂ ಬೇವಿನ ತಿರುಳಿನ ಪುಡಿ ರಾತ್ರಿಯೆಲ್ಲ ನೆನೆಸಿ, ಸೋಸಿ, ಅದರಲ್ಲಿ ಖಾಲಿ ಚೀಲ ಅದ್ದಿ, ಪೂರ್ತಿ ಒಣಗಿಸಿ ಬಳಸಿ. ಹಳೆ ಚೀಲವಾದರೆ ಮೊದಲು ಕುದಿಯುವ ನೀರಿಗೆ ಹಾಕಿ ಗೂಡುಗಳನ್ನೆಲ್ಲ ಕೊಲ್ಲಿ. ಕೋಣೆಯ ಗೋಡೆ ಬಿರುಕುಗಳಿಗೂ ಅದೇ ಬೇವಿನ ನೀರು ಸಿಂಪಡಿಸಬಹುದು. ಬೇವು, ಬಜೆ ಎರಡರ ಗುಣವೂ ತಿಂಗಳು ಕಳೆದಂತೆ ಇಳಿಯುತ್ತದೆ. ಗೋಣಿಯಲ್ಲಿಟ್ಟವರು ಮೂರು ತಿಂಗಳಿಗೊಮ್ಮೆ ಬೀಜ ಮೊರದಲ್ಲಿ ಹಾಕಿ ನೋಡಿ, ಬೇಕಾದರೆ ಮತ್ತೊಮ್ಮೆ ಪುಡಿ ಬೆರೆಸಿ. ಎಣ್ಣೆಯನ್ನು ಮಾತ್ರ ಎರಡನೇ ಸಲ ಸವರಬೇಡಿ.

ಹೊಂಗೆಯನ್ನು ಈ ಪಟ್ಟಿಯಿಂದ ತೆಗೆದುಬಿಡಿ. ಅದರ ಬೀಜದಲ್ಲೇ ಎಣ್ಣೆ ತುಂಬಿದೆ, ವರ್ಷದ ತನಕ ಇಟ್ಟರೆ ಹುಳು ಬಾರದಿದ್ದರೂ ಮೊಳಕೆ ಇಳಿಯುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ ಆಯ್ದದ್ದನ್ನು ಅದೇ ಮುಂಗಾರಿಗೆ ಬಿತ್ತುವುದು ಒಳ್ಳೆಯದು. ಬೇವಿನ ಬೀಜವಂತೂ ಎರಡು ಮೂರು ವಾರದಲ್ಲೇ ನೆಲ ಸೇರಬೇಕು. ನೇರಳೆ, ಹಲಸು ಒಣಗಿಸಿದರೆ ಸತ್ತೇ ಹೋಗುತ್ತವೆ. ಇವಕ್ಕೆ ಬಿಸಿಲ ಹಾಳೆ, ಫ್ರೀಜರ್, ಡ್ರಮ್ಮು ಯಾವುದೂ ಸಲ್ಲದು.

ಮೊಳಕೆಯ ವಿಷಯ ಕೊನೆಗೆ ಉಳಿಸಿಕೊಂಡೆ. ಎಣ್ಣೆ ಸವರುವ ಮುಂಚೆ ಪ್ರತಿ ಜಾತಿಯಿಂದ 100 ಬೀಜ ಎಣಿಸಿ, ಏನೂ ಹಚ್ಚದೆ ಒಂದು ಚಿಕ್ಕ ಡಬ್ಬಿಯಲ್ಲಿ ಬೇರೆ ಇಡಿ. ಡಿಸೆಂಬರಿನಲ್ಲಿ ಆ 100, ಎಣ್ಣೆಯದು 100, ಬಜೆಯದು 100 ಪಕ್ಕಪಕ್ಕ ಪಾತಿಗೆ ಹಾಕಿ. ಯಾವುದು ಎಷ್ಟು ಬಂತು ಅಂತ ಬರೆದಿಡಿ. ನಿಮ್ಮ ಮರದ, ನಿಮ್ಮ ಊರಿನ ಬೀಜಕ್ಕೆ ಯಾವುದು ಸರಿ ಅನ್ನುವುದು ನನ್ನ ಉತ್ತರಕ್ಕಿಂತ ಆ ಲೆಕ್ಕದಲ್ಲಿ ಚೆನ್ನಾಗಿ ತಿಳಿಯುತ್ತದೆ. ಬಿತ್ತುವ ಮುಂಚೆ ಎಣ್ಣೆ ತೆಗೆಯುವುದನ್ನು ಮಾತ್ರ ಮರೆಯಬೇಡಿ. ಎಣ್ಣೆ ಇದ್ದರೆ ನೆನೆಹಾಕಿದರೂ ನೀರು ಹಿಡಿಯುವುದಿಲ್ಲ, ಆಗ ಬೀಜ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಒರಟು ಮರಳು, ಸ್ವಲ್ಪ ಬೂದಿ ಸೇರಿಸಿ ಗೋಣಿ ತುಂಡಿನಲ್ಲಿ ಚೆನ್ನಾಗಿ ತಿಕ್ಕಿ, ಅಂಟುವಾಳದ ನೀರಲ್ಲಿ ತೊಳೆಯಿರಿ. ಮರಳಿಗೆ ಸಿಪ್ಪೆ ಅಲ್ಲಲ್ಲಿ ತರಚುತ್ತದೆ, ಗಟ್ಟಿ ಬೀಜಕ್ಕೆ ಅದೂ ಬೇಕಾದದ್ದೇ. ಆಮೇಲೆ ನೀವು ಎಂದಿನಂತೆ ಹುಣಸೆಯನ್ನು ರಾತ್ರಿ ನೆನೆಸಿ, ಜಾಲಿ, ಬಾಗೆಗೆ ಬಿಸಿನೀರು ಹುಯ್ದು ತಣಿಯಲು ಬಿಟ್ಟು, ಮರುದಿನ ತೊಟ್ಟೆಗೆ ಹಾಕಿ.